ಸವಕಳಿ: ತೆರಿಗೆಯ ದರವೇ ಯಂತ್ರದ ಆಯುಷ್ಯವಲ್ಲ

ವರ್ಷಾಂತ್ಯದ ಲೆಕ್ಕಪತ್ರಗಳಿಗೆ ಸಹಿ ಮಾಡುವಾಗ ನಮ್ಮ ಸಣ್ಣ ಉದ್ಯಮಿಗಳು ಲೆಕ್ಕ ಪರಿಶೋಧಕರನ್ನು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: "ಸವಕಳಿಯಿಂದ ಈ ಸಲ ತೆರಿಗೆ ಎಷ್ಟು ಉಳಿಯಿತು, ಸಾರ್?" ಯಂತ್ರ ಎಷ್ಟು ಸವೆಯಿತು ಎಂದು ಕೇಳುವವರು ವಿರಳ.

ಹತ್ತು ಲಕ್ಷ ರೂಪಾಯಿಯ ಒಂದು ಲೇಥ್ ಯಂತ್ರವನ್ನು ತೆಗೆದುಕೊಳ್ಳೋಣ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಇಳಿಯುವ ಶಿಲ್ಕಿನ ಮೇಲೆ ಶೇ. 15ರ ದರವಿದೆ. ಮೊದಲ ವರ್ಷ 1,50,000, ಎರಡನೆಯ ವರ್ಷ 1,27,500, ಮೂರನೆಯ ವರ್ಷ 1,08,375 ರೂ. ಸವಕಳಿ ಕಳೆದು 6,14,125 ರೂ. ಉಳಿಯುತ್ತದೆ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಂತೆ ಇದೇ ಯಂತ್ರಕ್ಕೆ 15 ವರ್ಷಗಳ ಆಯುಷ್ಯ, ಶೇ. 5ರಷ್ಟು ಗುಜರಿ ಮೌಲ್ಯ ಬಿಟ್ಟು ಸ್ಥಿರ ಕಂತಿನ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ 63,333 ರೂ. ಮೂರು ವರ್ಷಗಳ ನಂತರ ಪುಸ್ತಕದಲ್ಲಿ 8,10,000 ರೂ. ನಿಲ್ಲುತ್ತದೆ. ಯಂತ್ರ ಒಂದೇ, ವ್ಯತ್ಯಾಸ ಸುಮಾರು ಎರಡು ಲಕ್ಷ! ಎರಡೂ ಕಾನೂನುಬದ್ಧವೇ.

ಈ ಅನುಸೂಚಿ ಏಕಮಾಲೀಕತ್ವದ ಅಥವಾ ಪಾಲುದಾರಿಕೆಯ ಸಂಸ್ಥೆಗಳಿಗೆ ಅನ್ವಯಿಸದು. ಆದ್ದರಿಂದ ಅವರಲ್ಲಿ ಬಹುಪಾಲು ಜನರು ತೆರಿಗೆಯ ದರವನ್ನೇ ಪುಸ್ತಕಕ್ಕೆ ಇಳಿಸಿ, ಅದರ ಆಧಾರದ ಮೇಲೆಯೇ ಜಾಬ್ ವರ್ಕ್ ದರವನ್ನೂ ನಿಗದಿಪಡಿಸುತ್ತಾರೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಹಳೆಯ ಯಂತ್ರಕ್ಕೆ ಪುಸ್ತಕದಲ್ಲಿ ಸವಕಳಿ ಕಡಿಮೆಯಾದಂತೆ ದರವನ್ನೂ ಇಳಿಸಿ ಆರ್ಡರ್ ಹಿಡಿಯುತ್ತಾರೆ. ಆದರೆ ರಿಪೇರಿಯ ಖರ್ಚು ಏರತೊಡಗುವುದು ಅದೇ ವರ್ಷಗಳಲ್ಲಿ. ಹೊಸ ಯಂತ್ರ ಕೊಳ್ಳುವ ದಿನ ಬಂದಾಗ ಕೈಯಲ್ಲಿ ಹಣವಿರುವುದಿಲ್ಲ. ಸವಕಳಿ ನಗದಾಗಿ ಹೊರಹೋಗುವ ಖರ್ಚಲ್ಲ ನಿಜ, ಆದರೆ ಆ ಹಣ ಮಾಲೀಕರ ಮನೆಖರ್ಚಿನಲ್ಲಿ ಕರಗಿಹೋಗಿರುತ್ತದೆ.

ಬೆಲೆ ನಿಗದಿಗೆ ಬಳಕೆಯ ಗಂಟೆಗಳ ಲೆಕ್ಕವೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಮೇಲಿನ ಯಂತ್ರ 30,000 ಗಂಟೆ ದುಡಿಯಬಲ್ಲುದೆಂದು ಭಾವಿಸಿದರೆ ಗಂಟೆಗೆ 31.67 ರೂ. ಸವಕಳಿ. ಒಂದು ಪಾಳಿಯಲ್ಲಿ ವರ್ಷಕ್ಕೆ 2,400 ಗಂಟೆ ಓಡಿದರೆ 76,000 ರೂ., ಎರಡು ಪಾಳಿಯಾದರೆ 1,52,000 ರೂ. ಕಂಪನಿ ಕಾಯಿದೆಯೂ ಎರಡು ಪಾಳಿಗೆ ಶೇ. 50, ಮೂರು ಪಾಳಿಗೆ ಶೇ. 100ರಷ್ಟು ಹೆಚ್ಚುವರಿ ಸವಕಳಿಯನ್ನು ವಿಧಿಸುತ್ತದೆ. ತೆರಿಗೆಯ ಲೆಕ್ಕಕ್ಕೆ ಪಾಳಿಯ ಪರಿವೆಯಿಲ್ಲ. ಇದಕ್ಕೆ ಬೇಕಾದುದು ಯಂತ್ರದ ಪಕ್ಕದಲ್ಲೊಂದು ಲಾಗ್ ಪುಸ್ತಕ, ಅಷ್ಟೆ.

ಬ್ಯಾಂಕ್ ಸಾಲದ ಅರ್ಜಿಗೆ ಲಾಭ ಹೆಚ್ಚಿಸಿ ತೋರಿಸಲು ಪದ್ಧತಿಯನ್ನೇ ಬದಲಿಸಿಕೊಡಿ ಎಂಬ ಕೋರಿಕೆಯೂ ಆಗಾಗ ಬರುವುದುಂಟು. ಪರಿಷ್ಕೃತ ಲೆಕ್ಕಪತ್ರ ಮಾನದಂಡ 10ರ ಪ್ರಕಾರ ಆಸ್ತಿಯಿಂದ ಪ್ರಯೋಜನ ಪಡೆಯುವ ರೀತಿಯೇ ಬದಲಾಗಿದ್ದರೆ ಮಾತ್ರ ಪದ್ಧತಿಯ ಬದಲಾವಣೆ ಸಲ್ಲುತ್ತದೆ. ಸಾಲದ ಅಗತ್ಯ ಅದಕ್ಕೆ ಕಾರಣವಾಗಲಾರದು.

ತೆರಿಗೆಯ ವಿಷಯದಲ್ಲಿ ಒಂದು ಮಾತು. ಖರೀದಿಸಿದ ವರ್ಷದಲ್ಲಿ ಯಂತ್ರದ ಬಳಕೆ 180 ದಿನಗಳಿಗಿಂತ ಕಡಿಮೆಯಿದ್ದರೆ ಅರ್ಧ ಸವಕಳಿ ಮಾತ್ರ ದೊರೆಯುತ್ತದೆ. ಸಾಮಾನ್ಯ ವರ್ಷದಲ್ಲಿ ಇದರ ಗಡುವು ಅಕ್ಟೋಬರ್ 3. ಗಣನೆಗೆ ಬರುವುದು ಬಿಲ್ಲಿನ ದಿನಾಂಕವಲ್ಲ, ಯಂತ್ರವನ್ನು ಬಳಕೆಗೆ ತಂದ ದಿನಾಂಕ. ವಿದ್ಯುತ್ ಸಂಪರ್ಕ ಸಿಗದೆ ಪ್ಯಾಕಿಂಗ್‌ನಲ್ಲೇ ಕುಳಿತ ಯಂತ್ರಕ್ಕೆ ಸವಕಳಿ ಕೇಳುವ ಮುನ್ನ, ಅದನ್ನು ಚಾಲನೆಗೊಳಿಸಿದ ದಿನದ ದಾಖಲೆಯನ್ನು ಕಡತದಲ್ಲಿ ಇರಿಸಿಕೊಳ್ಳಿ.