ಅಲಮೇಲಮ್ಮನ ಒಡವೆ ಮತ್ತು ಕಥೆಯ ಬೀಜ

1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಐತಿಹ್ಯ ಹೇಳುವಂತೆ, ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯ ತಲಕಾಡಿನಲ್ಲಿ ತೀರಿಕೊಂಡ. ಅವನ ರಾಣಿ ಅಲಮೇಲಮ್ಮ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಇಷ್ಟೇ ಹೇಳಿದರೆ ಅದು ಘಟನೆಗಳ ಸಾಲು. ರಾಜ ಸತ್ತ, ರಾಣಿ ಸತ್ತಳು ಎಂಬುದರ ನಡುವೆ ದುಃಖವೆಂಬ ಕಾರಣ ಸೇರಿದಾಗಲೇ ಕಥಾಸಂವಿಧಾನ ಹುಟ್ಟುತ್ತದೆ ಎಂದು ಇ.ಎಂ. ಫಾರ್ಸ್ಟರ್ 1927ರಲ್ಲಿ ವಿವರಿಸಿದ್ದರು. ನಮ್ಮ ಐತಿಹ್ಯ ಇನ್ನೂ ಆಳಕ್ಕೆ ಇಳಿಯುತ್ತದೆ: ರಾಣಿ ಹೊಳೆಗೆ ಹಾರಿದ್ದು ಒಡವೆ ಕೇಳಲು ಸೈನ್ಯ ಬಂದಾಗ. ಕಾರಣವೆಂದರೆ ಮನಸ್ಸಿನ ಸ್ಥಿತಿಯಷ್ಟೇ ಅಲ್ಲ, ಒಬ್ಬರು ಆರಿಸಿಕೊಂಡ ನಡೆ ಎಂಬುದನ್ನು ಅದು ತೋರಿಸುತ್ತದೆ.

ನಾಟ್ಯಶಾಸ್ತ್ರ ಕಥಾವಸ್ತುವಿನ ಮೊದಲ ಅಂಶವನ್ನು ಬೀಜವೆಂದು ಕರೆಯಿತು. ಇಲ್ಲಿ ಆ ಒಡವೆಯೇ ಬೀಜ. ರಾಣಿಯ ಬಳಿಯಿದ್ದ ಅದನ್ನು ಮಂಗಳವಾರ, ಶುಕ್ರವಾರ ರಂಗನಾಯಕಿ ದೇವಿಗೆ ತೊಡಿಸುತ್ತಿದ್ದರಂತೆ. ಹಾಗಾಗಿ ಅದು ದೇವಿಯದೆಂದು ಗೆದ್ದವರು ಹೇಳಬಹುದು, ತನ್ನದೆಂದು ರಾಣಿಯೂ ಹೇಳಬಹುದು. ಎರಡು ಹಕ್ಕುಗಳು ಎದುರಾದಲ್ಲಿ ಸಂಘರ್ಷ. ಸೈನ್ಯ ಬೆನ್ನಟ್ಟಿದಲ್ಲಿ ಏರಿಕೆ. ಒಡವೆಯೊಡನೆ ನೀರಿಗೆ ಹಾರಿದಲ್ಲಿ ಪರಾಕಾಷ್ಠೆ. ಆದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಾರುವಾಗ ರಾಣಿ ಇಟ್ಟ ಶಾಪ ತಲಕಾಡನ್ನೂ ಮಾಲಂಗಿಯನ್ನೂ ಒಡೆಯರ ಸಂತಾನವನ್ನೂ ಹಿಡಿಯುತ್ತದೆ. ಕೊನೆಗೆ ಅರಮನೆಯೇ ಅಲಮೇಲಮ್ಮನ ಮೂರ್ತಿ ಮಾಡಿಸಿ ಪೂಜಿಸುತ್ತದೆ. ಬಿತ್ತಿದ್ದು ಫಲ ಕೊಟ್ಟಾಗಲೇ ಮುಕ್ತಾಯ.

ಶಾಪದಿಂದ ತಲಕಾಡನ್ನು ಮುಚ್ಚಿತೆನ್ನುವ ಮರಳಿಗೆ ಗಾಳಿ, ಹೊಳೆಯ ಪಾತ್ರ, ಹಳೆಯ ಅಣೆಕಟ್ಟೆಯಂಥ ಕಾರಣಗಳಿರುವಾಗ ಶಾಪ ಸುಳ್ಳಲ್ಲವೇ ಎಂದು ಕೇಳಬಹುದು. ಮರಳು ಹೇಗೆ ಬಂತು ಎಂಬುದಕ್ಕೆ ಭೂವಿಜ್ಞಾನವೇ ಉತ್ತರಿಸಬೇಕು, ಅದರಲ್ಲಿ ರಾಜಿಯಿಲ್ಲ. ಕಥೆ ಉತ್ತರಿಸುವುದು ಬೇರೆ ಪ್ರಶ್ನೆಗೆ: ಗೆದ್ದವನು ಸೋತವಳಿಂದ ಎಷ್ಟನ್ನು ಕಿತ್ತುಕೊಳ್ಳಬಹುದು? ಇನ್ನೊಂದು ಆಕ್ಷೇಪವೂ ಉಂಟು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಕವನ ಸಂಕಲನ ಕಥಾಸಂವಿಧಾನದ ಹಂಗಿಲ್ಲದೆಯೇ ದಾಂಪತ್ಯವನ್ನು ಕಟ್ಟಿಕೊಟ್ಟಿತಲ್ಲ? ನಿಜ, ಭಾವಗೀತೆಗೆ ಒಂದು ಗಳಿಗೆ ಸಾಕು. ಆದರೆ ಟಿ.ಎಸ್. ನಾಗಾಭರಣ ಅದೇ ಹಾಡುಗಳನ್ನು ಸಿನಿಮಾ ಮಾಡಿದಾಗ ಅವನ್ನು ಪೋಣಿಸಲು ಕಥೆಯೊಂದು ಬೇಕಾಯಿತು. ಗಳಿಗೆಯನ್ನು ಅನುಭವಿಸಲು ಕಾರಣ ಬೇಡ. ಒಂದು ಗಳಿಗೆ ಮುಂದಿನದಕ್ಕೆ ಹೊಣೆಯಾಗಬೇಕಾದರೆ ಕಾರಣ ಬೇಕು. ಬರೆಯಲು ಹೊರಟವರು ಆರಂಭ, ಏರಿಕೆ, ಮುಕ್ತಾಯಗಳ ನಕ್ಷೆಗಿಂತ ಮೊದಲು ಹುಡುಕಬೇಕಾದದ್ದು ಇಬ್ಬರೂ ಬಿಟ್ಟುಕೊಡಲಾಗದ ಆ ಒಡವೆಯನ್ನು.