ಎತ್ತದ ಫೋನಿಗೂ ಬಿಲ್ಲು: ತಕ್ಕಡಿ ಯಾರ ಕೈಯಲ್ಲಿದೆ?

‘ಆ ಕಡೆ ಫೋನ್ ಎತ್ತಲೇ ಇಲ್ಲ ಸ್ವಾಮಿ, ಬಿಲ್ ಮಾತ್ರ ಬಂದಿದೆ’ ಎಂಬ ದೂರು ಗಡಿನಾಡಿಗೆ ಹೊಸದೇನಲ್ಲ. ಎಸ್.ಟಿ.ಡಿ. ಬೂತುಗಳ ಹಳದಿ ಬೋರ್ಡು ಊರೂರಲ್ಲಿ ಕಾಣುತ್ತಿದ್ದ 1990ರ ದಶಕದಲ್ಲಿ ಬೂತಿನವನಿಗೂ ಗಿರಾಕಿಗೂ ನಡೆಯುತ್ತಿದ್ದ ಜಗಳ ಇದೇ. ಬೂತುಗಳು ಹೋದವು. ಜಗಳ ಮಾತ್ರ ಮನೆಯ ಬಿಲ್ಲಿಗೆ ಬಂದು ಕೂತಿದೆ.

ನೀಲಗಿರಿಯ ಕುಂದಾ ತಾಲ್ಲೂಕಿನ ಮಂಜೂರನ್ನೇ ತೆಗೆದುಕೊಳ್ಳಿ. ಸುತ್ತಲ ಹಟ್ಟಿಗಳಲ್ಲಿ ಚಹಾ, ಆಲೂಗೆಡ್ಡೆ, ಕ್ಯಾರೆಟ್ ಬೆಳೆಯುವ ಜನ. ಮನೆಯೊಳಗೆ ಕನ್ನಡಕ್ಕೆ ತೀರಾ ಹತ್ತಿರದ ಬಡಗ ಮಾತು, ಅಂಗಡಿಯಲ್ಲಿ ತಮಿಳು, ಗುಂಡ್ಲುಪೇಟೆ-ಮೈಸೂರು ಕಡೆಯ ವ್ಯಾಪಾರಿಯ ಜೊತೆ ಕನ್ನಡ. ಮೆಟ್ಟುಪಾಳ್ಯದ ಮಂಡಿಗೆ ಲೋಡು ಇಳಿಸಬೇಕೆಂದರೆ ಗೆದ್ದೆ ಕಡೆಯ ಘಾಟಿಯಲ್ಲಿ 43 ಹೇರ್‌ಪಿನ್ ತಿರುವು. ರೇಟು ಕೇಳದೆ ಹೊರಟರೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರಲಾಗದ ಕಡೆ ತಂತಿ ಫೋನೇ ಗತಿ. ಇಂಥ ಕಡೆ ಬಿಲ್ಲಿನ ಪ್ರತಿ ರೂಪಾಯಿಗೂ ಲೆಕ್ಕ ಇರಬೇಕು.

ನಿಯಮ ಸರಳ. ಆ ಕಡೆಯವರು ರಿಸೀವರ್ ಎತ್ತಿದ ಕೂಡಲೇ ಅವರ ಎಕ್ಸ್‌ಚೇಂಜು ಇತ್ತ ಕಡೆಗೆ ‘ಉತ್ತರ ಬಂತು’ ಎಂಬ ಸಂಕೇತ ಕಳಿಸುತ್ತದೆ. ಅಲ್ಲಿಂದ ಮೀಟರ್ ಶುರು. ಎಷ್ಟು ರಿಂಗಾದರೂ ಎತ್ತದಿದ್ದರೆ ದುಡ್ಡಿಲ್ಲ. ನಮ್ಮ ಜನ ಇದನ್ನು ಚೆನ್ನಾಗಿಯೇ ಬಳಸಿಕೊಂಡಿದ್ದರು. ಎರಡು ರಿಂಗ್ ಕೊಟ್ಟು ಇಟ್ಟರೆ ಲಾರಿ ಹೊರಟಿತು ಅಂತ ಅರ್ಥ. ‘ಮಿಸ್ಡ್ ಕಾಲ್’ ಎಂಬ ಮಾತು ಹುಟ್ಟುವ ಮೊದಲೇ ಇದ್ದ ಪದ್ಧತಿ ಇದು.

ಟ್ರಂಕ್ ಕಾಲ್ ಕಾಲದಲ್ಲಿ ‘ಆ ನಂಬರ್ ಎತ್ತುತ್ತಿಲ್ಲ’ ಎಂದು ಹೇಳಲು ಆಪರೇಟರ್ ಎಂಬ ಒಬ್ಬ ಮನುಷ್ಯ ಇದ್ದ. 1960ರ ನವೆಂಬರ್‌ನಲ್ಲಿ ಕಾನ್ಪುರ-ಲಖನೌ ನಡುವೆ ದೇಶದ ಮೊದಲ ಎಸ್.ಟಿ.ಡಿ. ಬಂತು. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. ಹಳ್ಳಿಗೆ ಫೋನ್ ಬಂದದ್ದು ದೊಡ್ಡ ಉಪಕಾರವೇ. ಆದರೆ ಮನುಷ್ಯ ಹೋಗಿ ಯಂತ್ರ ಬಂತು, ಯಂತ್ರದ ಜೊತೆ ವಾದ ಮಾಡಲು ಆಗುವುದಿಲ್ಲ.

ಹಾಗಾದರೆ ಎತ್ತದ ಕರೆಗೆ ಚಾರ್ಜು ಬರುವುದು ಹೇಗೆ? ಎಲ್ಲವೂ ಮೋಸವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಿಂದೆ ಕೆಲವು ಲಾಡ್ಜುಗಳಲ್ಲಿ ಉತ್ತರದ ಸಂಕೇತವನ್ನೇ ಗುರುತಿಸಲಾಗದ ಸ್ವಿಚ್‌ಬೋರ್ಡ್ ಇರುತ್ತಿತ್ತು. ಇಂತಿಷ್ಟು ಸೆಕೆಂಡ್ ಆದರೆ ಮಾತು ನಡೆದಿದೆ ಎಂದೇ ಅದು ಲೆಕ್ಕ ಹಾಕುತ್ತಿತ್ತು. ಗಿರಾಕಿ ಜಗಳ ಆಡಿದ್ದು ಸರಿಯಾಗಿಯೇ ಇತ್ತು.

ಈಗಿನ ಕಾರಣ ಬೇರೆ. ಬ್ಯಾಂಕಿಗೋ ಗೊಬ್ಬರದ ಕಂಪನಿಗೋ ಫೋನ್ ಮಾಡಿದರೆ ಮೊದಲು ಎತ್ತುವುದು ಯಂತ್ರ. ಯಂತ್ರ ಎತ್ತಿದರೂ ಎತ್ತಿದಂತೆಯೇ, ಮೀಟರ್ ಶುರು. ಆಮೇಲೆ ಅದು ಒಳಗಿನ ಇನ್ನೊಂದು ಫೋನಿಗೆ ಕರೆ ದಾಟಿಸುತ್ತದೆ, ನಿಮಗೆ ಮತ್ತೆ ‘ಟ್ರಿಣ್ ಟ್ರಿಣ್’ ಕೇಳಿಸುತ್ತದೆ. ಒಳಗೆ ಯಾರೂ ಎತ್ತುವುದಿಲ್ಲ. ಬರೀ ರಿಂಗ್ ಕೇಳಿ ಇಟ್ಟೆ ಎಂದು ನೀವು ಅಂದುಕೊಳ್ಳುತ್ತೀರಿ. ಲೆಕ್ಕದ ಪುಸ್ತಕದಲ್ಲಿ ಅದು ಉತ್ತರ ಸಿಕ್ಕ ಕರೆ. ಫ್ಯಾಕ್ಸ್ ಯಂತ್ರ ಎತ್ತಿ ಕೀಚಲು ದನಿ ಬಂದರೂ, ‘ಸಂದೇಶ ಬಿಡಿ’ ಎಂದು ರೆಕಾರ್ಡ್ ದನಿ ಹೇಳಿದರೂ ಕಥೆ ಅಷ್ಟೇ. ‘ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಆಗಿದ್ದಾರೆ’ ಎಂದು ನೆಟ್‌ವರ್ಕೇ ಹೇಳುವ ಮಾತಿಗೆ ಮಾತ್ರ ಚಾರ್ಜು ಇರಬಾರದು, ಏಕೆಂದರೆ ಅಲ್ಲಿ ಯಾರೂ ಎತ್ತಿಲ್ಲ.

ಗಡಿಯವರಿಗೆ ಇದರಲ್ಲಿ ಇನ್ನೊಂದು ಪೆಟ್ಟು. ಯಂತ್ರ ಎತ್ತಿದ ಮೇಲೆ ‘ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ’ ಎಂದು ಶುರು ಮಾಡುತ್ತದೆ. ನಮ್ಮ ಭಾಷೆಯ ಸರದಿ ಬರುವ ತನಕ ಕಾಯಬೇಕು. ತಾಳವಾಡಿಯ ಕನ್ನಡಿಗನಿಗೆ ತಮಿಳಿನಲ್ಲಿ ತಡವರಿಕೆ, ಕಾಸರಗೋಡಿನ ಅಜ್ಜಿಗೆ ಹಿಂದಿ ತಿಳಿಯದು. ‘ರಾಂಗ್ ನಂಬರ್ ಇರಬೇಕು’ ಎಂದು ಇಟ್ಟುಬಿಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಎರಡು ಸಲವೂ ದುಡ್ಡು. ಕೇಳಿಸಿದ್ದು ಅರ್ಥವಾಗದ ದನಿಗೆ ಬಾಡಿಗೆ ಕಟ್ಟಿದ ಹಾಗೆ.

ನಂಬರಿನ ವಿಷಯದಲ್ಲೂ ಎಚ್ಚರ ಬೇಕು. 1800ರಿಂದ ಶುರುವಾಗುವ ನಂಬರು ಉಚಿತ. ಅದನ್ನೇ ನೋಡಿ 1860 ಕೂಡ ಉಚಿತ ಎಂದುಕೊಂಡವರು ಎಷ್ಟೋ ಮಂದಿ. ಅಲ್ಲ, 1860ಕ್ಕೆ ಮಾಡಿದವನೇ ದುಡ್ಡು ಕೊಡಬೇಕು. ಕರೆ ಅನಿಯಮಿತ ಎನ್ನುವ ಪ್ಲಾನಿನಲ್ಲಿ ಈ ನಂಬರುಗಳೂ ಸೇರಿವೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್ 1800-180-1551 ಉಚಿತ. ರೈತರು ಧೈರ್ಯವಾಗಿ ಮಾಡಬಹುದು.

ಶುದ್ಧ ಮೋಸವೂ ಇದೆ. ಗೊತ್ತಿಲ್ಲದ ವಿದೇಶಿ ನಂಬರಿನಿಂದ ಒಂದೇ ರಿಂಗ್ ಬಂದು ನಿಲ್ಲುತ್ತದೆ. ಮಗ ಕೊಲ್ಲಿಯಲ್ಲಿದ್ದರೆ ಯಾವ ತಾಯಿ ತಿರುಗಿ ಮಾಡುವುದಿಲ್ಲ? ಆ ಕಡೆ ಕೇಳಿಸುವ ರಿಂಗ್ ನಿಜವಾದ ರಿಂಗೇ ಆಗಿರಬೇಕೆಂದಿಲ್ಲ, ರೆಕಾರ್ಡ್ ಮಾಡಿದ ಸದ್ದೂ ಆಗಿರಬಹುದು. ಕರೆ ಆಗಲೇ ಎತ್ತಿ ಆಗಿರುತ್ತದೆ, ಐ.ಎಸ್.ಡಿ. ಚಾರ್ಜು ಓಡುತ್ತಿರುತ್ತದೆ. ಜಪಾನಿನಲ್ಲಿ ಇದಕ್ಕೆ ‘ವಾನ್‌ಗಿರಿ’ ಎಂಬ ಹೆಸರೇ ಇದೆ, ಅಂದರೆ ಒಂದು ರಿಂಗ್ ಕೊಟ್ಟು ಕತ್ತರಿಸುವುದು. ವಿದೇಶಕ್ಕೆ ಕರೆ ಮಾಡದವರು ಐ.ಎಸ್.ಡಿ. ಸೌಲಭ್ಯವನ್ನು ಬಂದ್ ಮಾಡಿಸಿಬಿಡುವುದೇ ವಾಸಿ.

ಕಾರಣ ಯಾವುದೇ ಇರಲಿ, ನಾನು ಹೇಳಬೇಕೆಂದಿರುವುದು ಒಂದೇ. ಕರೆಂಟಿನ ಮೀಟರ್ ನಮ್ಮ ಗೋಡೆಯ ಮೇಲಿದೆ, ಬೇಕಾದಾಗ ನೋಡಬಹುದು. ಮಂಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಬೀಳಬೇಕು. ಫೋನಿನ ತಕ್ಕಡಿ ಮಾತ್ರ ಪೂರ್ತಿ ಕಂಪನಿಯ ಕೈಯಲ್ಲಿ. ಉತ್ತರದ ಸಂಕೇತ ಬಂತೋ ಇಲ್ಲವೋ ಅವರಿಗಷ್ಟೇ ಗೊತ್ತು. ಮೀಟರ್ ಮತ್ತು ಬಿಲ್ ಸರಿ ಇರಬೇಕೆಂದು ಟ್ರಾಯ್ 2006ರಲ್ಲೇ ನಿಯಮ ತಂದಿತು, 2023ರಲ್ಲಿ ಹೊಸದಾಗಿ ಬರೆಯಿತು. ಆಡಿಟ್ ಕೂಡ ನಡೆಯುತ್ತದೆ. ಆದರೆ ಆ ಮುದ್ರೆ ಗಿರಾಕಿಯ ಕಣ್ಣಿಗೆ ಬೀಳಬೇಡವೇ?

‘ಯಂತ್ರ ಎತ್ತಿದರೂ ಲೈನು ಬಳಕೆಯಾಗಿದೆ, ಖರ್ಚು ಯಾರು ಕೊಡಬೇಕು?’ ಎಂದು ಕಂಪನಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ. ಯಂತ್ರ ಇಟ್ಟು ಜನರನ್ನು ಕಾಯಿಸುವವನೇ ಆ ಖರ್ಚು ಕೊಡಲಿ. ಜನರ ಜೊತೆ ವ್ಯವಹಾರ ಇರುವ ಬ್ಯಾಂಕು, ವಿಮೆ, ಗ್ಯಾಸ್ ಕಂಪನಿಗಳೆಲ್ಲ 1800 ನಂಬರನ್ನೇ ಇಡಬೇಕೆಂದು ಸರ್ಕಾರ ಹೇಳಲಿ. ಯಂತ್ರ ಎತ್ತಿದ ಕೂಡಲೇ, ಭಾಷೆಯ ಪಟ್ಟಿಗೂ ಮೊದಲು, ‘ಕರೆಗೆ ಚಾರ್ಜು ಶುರುವಾಗಿದೆ’ ಎಂಬ ಒಂದು ಮಾತು ಆಯಾ ಪ್ರದೇಶದ ಭಾಷೆಯಲ್ಲಿ ಬರಲಿ. ನಂಬರು, ಹೊತ್ತು, ಎಷ್ಟು ಸೆಕೆಂಡ್ ಎಂಬ ವಿವರ ಪ್ರತಿ ಬಿಲ್ಲಿನ ಜೊತೆ ಪುಕ್ಕಟೆ ಸಿಗಲಿ. ತಕರಾರು ಬಂದರೆ ಕರೆ ಎತ್ತಿದ್ದರು ಎಂದು ತೋರಿಸುವ ಹೊಣೆ ಕಂಪನಿಯದ್ದಾಗಲಿ.

ಅಲ್ಲಿಯ ತನಕ ನಾವು ಸುಮ್ಮನೆ ಕೂರಬೇಕಿಲ್ಲ. ಅನುಮಾನ ಇದ್ದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ದೂರಿನ ನಂಬರು ಬರೆದುಕೊಳ್ಳಿ. ಬರೀ ಬಾಯಿಮಾತಿಗೆ ಬಿಡಬೇಡಿ. ಪರಿಹಾರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಅದು 39 ದಿನದಲ್ಲಿ ತೀರ್ಮಾನಿಸಬೇಕೆಂದು ಟ್ರಾಯ್‌ನ 2012ರ ನಿಯಮ ಹೇಳುತ್ತದೆ.

ಗ್ರಾಹಕ ನ್ಯಾಯಾಲಯದ ಬಾಗಿಲು ಒಮ್ಮೆ ಮುಚ್ಚಿತ್ತು. ಪಕ್ಕದ ಕೇರಳದ ಫೋನ್ ಬಿಲ್ಲಿನ ಪ್ರಕರಣವೊಂದರಲ್ಲಿ, 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಮಧ್ಯಸ್ಥಿಕೆಯೇ ದಾರಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. 2022ರ ಫೆಬ್ರವರಿ 16ರಂದು ಅದೇ ನ್ಯಾಯಾಲಯ ಬಾಗಿಲು ತೆರೆಯಿತು. ತಿಂಗಳಿಗೆ ಸರಾಸರಿ 555 ರೂಪಾಯಿ ಕಟ್ಟುತ್ತಿದ್ದ ಗುಜರಾತಿನ ಮೊಬೈಲ್ ಗ್ರಾಹಕರೊಬ್ಬರಿಗೆ 24,609 ರೂಪಾಯಿಯ ಬಿಲ್ ಬಂದ ಪ್ರಕರಣ ಅದು. 2023ರ ದೂರಸಂಪರ್ಕ ಕಾಯ್ದೆಯೂ ಈ ಹಕ್ಕನ್ನು ಉಳಿಸಿದೆ.

ಗಡಿಯವರಿಗೆ ಮುಖ್ಯವಾದ ಮಾತೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಆಫೀಸು ಯಾವ ರಾಜ್ಯದಲ್ಲಾದರೂ ಇರಲಿ. ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಹೊಟ್ಟೆಪಾಡಿಗೆ ಸ್ವಂತ ಅಂಗಡಿ ನಡೆಸುವ ಸಣ್ಣ ವ್ಯಾಪಾರಿಯೂ ಗ್ರಾಹಕನೇ. ಸಲಹೆಗೆ 1915 ಎಂಬ ಸಹಾಯವಾಣಿ ಇದೆ.

‘ಹತ್ತು ರೂಪಾಯಿಗೆ ಯಾಕೆ ಅಲೆಯೋದು ಬಿಡಿ’ ಎನ್ನುವವರಿದ್ದಾರೆ. ಮಂಡಿಯಲ್ಲಿ ಮೂಟೆಗೆ ಅರ್ಧ ಕೆಜಿ ಹೊಡೆದರೆ ನಾವು ಹಾಗೆ ಬಿಡುತ್ತೇವೆಯೇ? ತಕ್ಕಡಿ ತಿರುಗಿಸಿ ತೋರಿಸು ಅನ್ನುತ್ತೇವೆ. ಫೋನ್ ಕಂಪನಿಗೂ ಅದನ್ನೇ ಕೇಳೋಣ.