ಸೋತವನು ಎದ್ದು ಹೋಗುವುದಿಲ್ಲ ಏಕೆ?

ಚಳ್ಳಕೆರೆ: ಇಸ್ಪೀಟು ಅಡ್ಡೆಯ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬರುವ ರೀತಿ ಯಾವತ್ತೂ ಒಂದೇ. ಇಷ್ಟು ಜನರ ಬಂಧನ, ಇಷ್ಟು ನಗದು ವಶ, ಜೊತೆಗೆ 52 ಇಸ್ಪೀಟು ಎಲೆ. ಎಲೆಗಳನ್ನು ಎಣಿಸಿ ಪಂಚನಾಮೆ ಬರೆಯುವ ಪೊಲೀಸರು, ಆ ರಾತ್ರಿ ಯಾರು ಎಷ್ಟು ಸೋತಿದ್ದರು, ಸೋತ ಮೇಲೂ ಯಾಕೆ ಕೂತೇ ಇದ್ದರು ಅನ್ನುವುದನ್ನು ಬರೆಯುವುದಿಲ್ಲ. ಅದು ಅವರ ಕೆಲಸವೂ ಅಲ್ಲ ಬಿಡಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಾಡಿದವನಿಗೆ ಶಿಕ್ಷೆ ಉಂಟು. ಸೋತವನ ಸಂಕಟಕ್ಕೆ ಯಾವ ಕಲಮೂ ಇಲ್ಲ.

2025ರ ಆಗಸ್ಟ್‌ನಲ್ಲಿ ಚಳ್ಳಕೆರೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಶೇಂಗಾ ಎಣ್ಣೆಯಿಂದಲ್ಲ. ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಜಾರಿ ನಿರ್ದೇಶನಾಲಯದವರು ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಪಪ್ಪಿ ಅವರನ್ನು ಸಿಕ್ಕಿಂನ ಗ್ಯಾಂಗ್‌ಟಕ್‌ನಲ್ಲಿ ಬಂಧಿಸಿದರು. ಚಳ್ಳಕೆರೆಯ ಮನೆ ಸೇರಿ ಹಲವು ಕಡೆ ಶೋಧ ನಡೆಯಿತು. ಸುಮಾರು 12 ಕೋಟಿ ರೂಪಾಯಿ ನಗದು ಸಿಕ್ಕಿತೆಂದು ಇಲಾಖೆಯೇ ಹೇಳಿತು. ಆರೋಪ ನಿಜವೋ ಸುಳ್ಳೋ ತೀರ್ಮಾನಿಸುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ಊರಿನ ಹೋಟೆಲುಗಳಲ್ಲಿ ವಾರಗಟ್ಟಲೆ ಅದೇ ಮಾತು: ಎಷ್ಟು ಕೋಟಿ, ಎಷ್ಟು ಕಾರು, ಎಷ್ಟು ಬಂಗಾರ. ಆದರೆ ಬೆಟ್ಟಿಂಗ್ ಆಡಿ ಕಳೆದುಕೊಂಡವರ ಲೆಕ್ಕ ಆ ಹೋಟೆಲುಗಳ ಟೇಬಲ್ಲಿನ ಮೇಲೆ ಬರಲಿಲ್ಲ.

ಅದೇ ತಿಂಗಳು, ಅದೇ ವಾರ, ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಪಾಸು ಮಾಡಿತು. ರಮ್ಮಿ, ಪೋಕರು ಎಲ್ಲವೂ ಅದರೊಳಗೆ ಬಂದವು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಆ ಕಾನೂನು ಇಟ್ಟುಕೊಳ್ಳಲಿಲ್ಲ. ಆಡಿಸುವವನಿಗೆ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ, ಅವನನ್ನು ನೊಂದವನೆಂದೇ ನೋಡಲಾಗಿದೆ. ಇದಕ್ಕೆ ಮುಂಚೆ 2021ರಲ್ಲಿ ಕರ್ನಾಟಕ ಸರ್ಕಾರವೇ ಇಂಥದೊಂದು ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಈ ಸಲ ದೊಡ್ಡ ಕಂಪನಿಗಳು ಕೂಡಲೇ ಹಣದ ಆಟ ನಿಲ್ಲಿಸಿದವು. ಮೊಬೈಲಿನಲ್ಲಿ ಅಂಗಡಿ ಮುಚ್ಚಿತು ಸರಿ. ಕೈಯ ತುರಿಕೆ ಮುಚ್ಚಿತೇ?

ತುರಿಕೆಯ ಗುಣವನ್ನು ಸ್ವಲ್ಪ ನೋಡೋಣ.

ಅಂದರ್-ಬಾಹರ್ ಆಟ ಈ ಕಡೆಯ ಮಕ್ಕಳಿಗೂ ಗೊತ್ತು. ಯುಗಾದಿ ಬಂದರೆ ಹಳ್ಳಿಯ ಅರಳಿಕಟ್ಟೆಯಲ್ಲೇ ನಡೆಯುತ್ತದೆ. ಒಂದು ಎಲೆ ತೆಗೆದಿಟ್ಟು, ಅದರ ಜೊತೆ ಎಲೆ ಬರುವ ತನಕ ಒಳಗೊಂದು ಹೊರಗೊಂದು ಹಾಕುತ್ತಾ ಹೋಗುವುದು. ಗೆಲುವು ಸೋಲು ಹೆಚ್ಚುಕಡಿಮೆ ಅರ್ಧ ಅರ್ಧ. ಸತತ ಐದು ಸಲ ಸೋತವನು ಏನು ಹೇಳುತ್ತಾನೆ? ‘ಐದಾಯ್ತು, ಆರನೇದು ನಂದೇ ಕಣಣ್ಣ.’ ಇಲ್ಲೇ ಇರುವುದು ಮೋಸ. ಎಲೆಗೆ ಹಿಂದಿನ ಆಟದ ನೆನಪಿಲ್ಲ. ಆರನೆಯದೂ ಅರ್ಧ ಅರ್ಧವೇ. ನೂರು ಆಟ ಆಡಿದರೆ ಅದರಲ್ಲಿ ಎಲ್ಲಾದರೂ ಒಂದು ಕಡೆ ಸಾಲಾಗಿ ಐದು ಸೋಲು ಬೀಳುವ ಸಾಧ್ಯತೆ ನೂರಕ್ಕೆ 80ರಷ್ಟು. ಅಂದರೆ ಸಾಲು ಸೋಲು ಯಾರ ಮಾಟವೂ ಅಲ್ಲ, ಗ್ರಹಚಾರವೂ ಅಲ್ಲ. ಮಾಮೂಲು ಲೆಕ್ಕ. 1913ರಲ್ಲಿ ಮಾಂಟೆಕಾರ್ಲೊದ ಜೂಜುಮನೆಯಲ್ಲಿ ಚಕ್ರದ ಗುಂಡು ಸತತ 26 ಸಲ ಕಪ್ಪು ಮನೆಗೇ ಬಿತ್ತು. ಇನ್ನು ಕೆಂಪು ಬರಲೇಬೇಕೆಂದು ಹಣ ಸುರಿದ ಸಾಹುಕಾರರೆಲ್ಲ ಬರಿಗೈಯಲ್ಲಿ ಎದ್ದರು. ಅವರೂ ಓದಿದವರೇ.

‘ಸೋತರೆ ಡಬಲ್ ಕಟ್ಟು, ಒಂದು ಸಲ ಗೆದ್ದರೆ ಎಲ್ಲಾ ವಾಪಸ್’ ಎಂದು ಹೇಳಿಕೊಡುವ ಗುರುಗಳು ಪ್ರತಿ ಅಡ್ಡೆಯಲ್ಲೂ ಇರುತ್ತಾರೆ. ಅಂಗಡಿಯವರು ದಯವಿಟ್ಟು ಪೆನ್ಸಿಲು ತಗೊಳ್ಳಿ. 100, 200, 400, 800, 1600, 3200, 6400. ಏಳು ಸಲ ಸೋತರೆ 12,700 ರೂಪಾಯಿ ಹೋಯ್ತು. ಎಂಟನೇ ಸಲ ಕಟ್ಟಬೇಕಾದ್ದು 12,800. ಗೆದ್ದರೆ ಒಟ್ಟು ಲಾಭ ಎಷ್ಟು? ನೂರು ರೂಪಾಯಿ! ಇಂಥ ವ್ಯಾಪಾರವನ್ನು ಬೆಳಗಿನ ಹೊತ್ತು ಗಲ್ಲಾದ ಮುಂದೆ ಕೂತು ಯಾವ ಶೆಟ್ಟರೂ ಮಾಡುವುದಿಲ್ಲ.

ಇನ್ನು ಆಡಿಸುವವನ ಪಾಲು. ಐದು ಜನ ತಲಾ 5 ಸಾವಿರ ತಂದರು ಅನ್ನಿ. ಒಂದೊಂದು ಆಟದಲ್ಲಿ ಸಾವಿರ ರೂಪಾಯಿ ಬಿದ್ದು, ಅದರಲ್ಲಿ 50 ರೂಪಾಯಿ ಜಾಗ ಕೊಟ್ಟವನಿಗೆ. ಬೆಳಗಾಗುವುದರೊಳಗೆ 200 ಆಟ ಆದರೆ 10 ಸಾವಿರ ಅವನ ಜೇಬಿಗೆ. ಐವರು ತಂದ 25 ಸಾವಿರದಲ್ಲಿ ಉಳಿದದ್ದು 15. ಐವರೂ ಸಮಸಮ ಆಡಿದರೂ ತಲಾ 2 ಸಾವಿರ ಸೋತ ಹಾಗೆಯೇ. ಆದರೂ ಅವರಲ್ಲೊಬ್ಬ ಗೆದ್ದು ಟೀ ಕೊಡಿಸುತ್ತಾನೆ. ಮಾರನೇ ದಿನ ಮಾರ್ಕೆಟ್ಟಿನಲ್ಲಿ ಕೇಳಿಬರುವುದು ಆ ಒಬ್ಬನ ಕಥೆ ಮಾತ್ರ.

ಲೆಕ್ಕ ಗೊತ್ತಿದ್ದರೆ ಸಾಕೇ? ಸಾಲದು. ಸೋತ ಹೊತ್ತಿನಲ್ಲಿ ಮನುಷ್ಯನ ಒಳಗೆ ನಡೆಯುವುದೇ ಬೇರೆ. ಕಾನೆಮನ್, ಟ್ವೆರ್ಸ್ಕಿ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದು ಹೆಸರಾದ ವಿಚಾರ ಇದು: ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ಕಳೆದ ನೋವು ದೊಡ್ಡದು, ಆ ನೋವು ತಪ್ಪಿಸಿಕೊಳ್ಳಲು ಮನುಷ್ಯ ಮಾಮೂಲಿಗಿಂತ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾನೆ. ಪೋಕರು ಆಡುವವರು ಈ ಸ್ಥಿತಿಗೆ ‘ಟಿಲ್ಟ್’ ಅನ್ನುತ್ತಾರೆ. ಗುಂಡು ಹೊಡೆಯುವ ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಿಂದ ಅಲ್ಲಾಡಿಸಿದರೆ ಅದು ಆಟ ನಿಲ್ಲಿಸಿ ತೋರಿಸುತ್ತಿದ್ದ ಮಾತದು. ಯಂತ್ರವಾದರೂ ತಾನೇ ನಿಲ್ಲುತ್ತಿತ್ತು. ಧರ್ಮರಾಯ ನಿಲ್ಲಲಿಲ್ಲ, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಬಯಲಾಟದಲ್ಲಿ ಆ ಸನ್ನಿವೇಶ ನೋಡಿ ಕಣ್ಣೀರು ಹಾಕಿದವನೇ ಆಟ ಮುಗಿದ ಮೇಲೆ ಹಿಂದಿನ ತೋಟದಲ್ಲಿ ಎಲೆ ಹಿಡಿದು ಕೂತಿರುತ್ತಾನೆ.

ಬರದ ಸೀಮೆಗೆ ಈ ಮನಸ್ಸು ಹೊಸದೂ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಒಂದು ಬೋರು ಫೇಲಾದರೆ ರೈತ ಇನ್ನೊಂದು ಕೊರೆಸುತ್ತಾನೆ. ಅದೂ ಫೇಲಾದರೆ ಮತ್ತೊಂದು. ‘ಇಷ್ಟು ಹಾಕಿದ್ದೀನಿ, ಈಗ ಬಿಟ್ಟರೆ ಹಾಕಿದ್ದೆಲ್ಲ ನೀರಿಗೆ ಹೋದಂಗೆ’ ಅನ್ನುತ್ತಾನೆ, ನೀರೇ ಬಾರದ ಕಡೆ! ಹಾಗಂತ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ರೈತನಿಗೆ ಭೂಮಿ ಬಿಟ್ಟು ಬೇರೆ ದಾರಿಯಿಲ್ಲ. ಶೇಂಗಾಕ್ಕೆ ಮುಂದಿನ ವರ್ಷವಾದರೂ ಮಳೆ ಬಂದೀತು. ಎಲೆಗೆ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ.

ಪೋಕರು ಕಲಿಸುವ ಪುಸ್ತಕಗಳು ಸೋಲಿನ ದಿನಗಳಿಗೆ ಬುದ್ಧಿ ಹೇಳುತ್ತವೆ: ತಾಳ್ಮೆ ಇರಲಿ, ಇಷ್ಟು ಹೋದರೆ ಏಳುತ್ತೇನೆಂದು ಮೊದಲೇ ಗೆರೆ ಹಾಕಿಕೋ, ಆಡಿದ್ದೆಲ್ಲ ಬರೆದಿಡು. ಬುದ್ಧಿ ಸರಿಯೇ. ಪೋಕರಿನಲ್ಲಿ ಕೈಚಳಕಕ್ಕೆ ಜಾಗವಿದೆ. ಚೆನ್ನಾಗಿ ಆಡುವವನೂ ತಿಂಗಳುಗಟ್ಟಲೆ ಸೋಲಬಹುದು, ತಾಳಿದರೆ ಚೇತರಿಸಿಕೊಳ್ಳಬಹುದು. ರಮ್ಮಿಯಲ್ಲೂ ಕೌಶಲವೇ ಹೆಚ್ಚೆಂದು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಹೇಳಿದೆ. ಆದರೆ ಅಂದರ್-ಬಾಹರ್‌ಗೆ, ಮಟ್ಕಾಗೆ ತಾಳ್ಮೆಯಿಂದ ಏನೂ ಬರುವುದಿಲ್ಲ. ಅಲ್ಲಿ ತಾಳ್ಮೆಯೆಂದರೆ ನಿಧಾನವಾಗಿ ಸೋಲುವುದು ಅಷ್ಟೇ. ‘ನನ್ನ ಟೈಮ್ ಬರ್ತದೆ’ ಎಂದು ಕಾಯುವವನಿಗೆ ಆ ಪುಸ್ತಕದ ಸಮಾಧಾನವೇ ವಿಷ.

ಗೆರೆಯ ವಿಚಾರವಂತೂ ನಗೆಪಾಟಲು. ಸಂಜೆ ಹಾಕಿಕೊಂಡ ಗೆರೆ ನಡುರಾತ್ರಿಗೆ ಅಳಿಸಿಹೋಗಿರುತ್ತದೆ. ಅಲ್ಲೇ ಪಕ್ಕದಲ್ಲಿ ಮೀಟರ್ ಬಡ್ಡಿಯವನು ಕಾಯುತ್ತಿರುತ್ತಾನೆ. ಆದ್ದರಿಂದ ಗೆರೆಯನ್ನು ಇನ್ನೊಬ್ಬರ ಕೈಲಿ ಇಡಬೇಕು. ಗಲ್ಲಾದ ಬೀಗದ ಕೈ ಹೆಂಡತಿ ಹತ್ತಿರ, ಬ್ಯಾಂಕಿನ ಪಾಸ್‌ಪುಸ್ತಕ ಅಣ್ಣನ ಹತ್ತಿರ, ಮೊಬೈಲಿನಲ್ಲಿ ದುಡ್ಡು ಹೋಗುವ ದಾರಿಗೆ ಮಿತಿ. ಅವಮಾನ ಅನ್ನಿಸುತ್ತದೆ, ನಿಜ. ಮನೆಯವರೂ ಒಂದು ತಿಳಿದಿರಬೇಕು. ಬಳೆ ಅಡವಿಟ್ಟು ಸಾಲ ತೀರಿಸಿ, ಲೆಕ್ಕ ಕೇಳದೆ ಬಿಟ್ಟರೆ ಹೊಸ ಆಟಕ್ಕೆ ಬಂಡವಾಳ ಕೊಟ್ಟ ಹಾಗೆ. ಸಾಲ ಎಷ್ಟು, ಯಾರಿಗೆ ಎಂಬ ಪೂರ್ತಿ ಪಟ್ಟಿ ಮೊದಲು ಬರಬೇಕು. ಸೋತವನು ಅರ್ಧ ಪಟ್ಟಿ ಮಾತ್ರ ಕೊಡುತ್ತಾನೆ, ಇದು ಎಲ್ಲ ಮನೆಯ ಕಥೆ.

ಇದನ್ನು ಚಟ ಎಂದು ಬೈಯುವುದು ನಮ್ಮ ರೂಢಿ. ವೈದ್ಯರು ಇದನ್ನು ರೋಗವೆಂದೇ ಬರೆದುಕೊಳ್ಳುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಜೂಜಿನ ಗೀಳನ್ನು ಕುಡಿತದ ಸಾಲಿನಲ್ಲೇ ಸೇರಿಸಿತು. ಮನೋವೈದ್ಯ ಅಂದಕೂಡಲೇ ‘ನಮ್ಮವನಿಗೇನು ಹುಚ್ಚೇ?’ ಎಂದು ಸಿಡಿಯುವವರು ಪಕ್ಕದ ಬಳ್ಳಾರಿಯನ್ನು ನೆನೆಯಬೇಕು. ಹಳ್ಳಿಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಅದೇ ಜಿಲ್ಲೆಯಲ್ಲಿ. 1996ರಿಂದ ದೇಶಕ್ಕೆಲ್ಲ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ಫೋನೂ ಇದೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್, ನಂಬರು 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತು, ರಾತ್ರಿ ಹೊತ್ತೂ ಎತ್ತುತ್ತಾರೆ. ಸೋತು ಬಂದವನಿಗೆ ನಿದ್ದೆ ಬಾರದೆ ಏನೇನೋ ಕೆಟ್ಟ ಯೋಚನೆ ಬರುವುದು ರಾತ್ರಿ ಎರಡು ಮೂರು ಗಂಟೆಗೆ. ಆ ಹೊತ್ತಿಗೆ ಊರಲ್ಲಿ ಅಡ್ಡೆ ಬಿಟ್ಟರೆ ಬೇರೆ ಯಾವ ಬಾಗಿಲೂ ತೆರೆದಿರುವುದಿಲ್ಲ.